ವಕೀಲರ ಬಲಗಡೆ ಸ್ಪೀಕರ್

ಶಿಕಾರಿಪುರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ತುಂಗಮ್ಮನಿಗೆ ಸ್ಪೀಕರ್ ರಿಪೇರಿಯ ಹುಚ್ಚು ಹತ್ತಿದ್ದು ಗಂಡ ತೀರಿಕೊಂಡ ಮೇಲೆ. ಅವನು ಬಿಟ್ಟುಹೋದದ್ದು ಎರಡೇ: ಅಂಗಡಿ, ಮತ್ತೆ ಗಂಟಲು ಕಟ್ಟಿದ ಒಂದು ಹಳೇ ಸ್ಪೀಕರ್. ಮೋಟರಿಗೆ ಕಾಯಿಲ್ ಸುತ್ತುವ ಕೈ ಸ್ಪೀಕರಿನ ಕೂದಲೆಳೆಯಂಥ ತಂತಿಯನ್ನೂ ಸುತ್ತಬಲ್ಲದು ಎಂದು ಗೊತ್ತಾದದ್ದು ಆಗ. ಈಗ ಐವತ್ತಾರರ ತುಂಗಮ್ಮ, ಎಂಥ ಹಳೇ ಪೆಟ್ಟಿಗೆಯಾದರೂ ಒಳಗೆ ಇಣುಕಿ ಅದು ಯಾವ ವರ್ಷನ್, ಯಾರು ಕೈಯಾಡಿಸಿದ್ದಾರೆ ಎಂದು ಹೇಳುತ್ತಾಳೆ. ಮಾಲೀಕರ ಮಾತನ್ನು ಮಾತ್ರ ನಂಬುವುದಿಲ್ಲ.

ಸೊರಬದ ವಕೀಲ ಕಮಲಾಕರ ಕಳೆದ ಮಾರ್ಚಿನಲ್ಲಿ ಅವಳನ್ನು ಕರೆಸಿದರು. ಅವರಲ್ಲಿ ಇಂಗ್ಲೆಂಡಿನ ಒಂದು ಜೋಡಿ ಸ್ಪೀಕರ್ ಇದ್ದವು. ಅವು ಹಾಡುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹೆಂಡತಿ ಸುಬ್ಬಲಕ್ಷ್ಮಿ ಮಿಕ್ಸಿ ತಿರುಗಿಸಲೂ ಅಪ್ಪಣೆ ಬೇಕಿತ್ತು.

“ಬಲಗಡೇದು ಫಸ್ಟ್ ವರ್ಷನ್, ಅಪ್ಪಟ. ಎಡಗಡೇದಕ್ಕೆ ನಮ್ಮ ಕಡೆಯ ಯಾರೋ ದಡ್ಡರು ಕೈ ಹಾಕಿದಾರೆ,” ಎಂದರು ಕಮಲಾಕರ. “ಅದನ್ನ ಇದರ ಹಾಗೆ ಮಾಡಿಕೊಡಿ. ಬಲಗಡೇದು ಮುಟ್ಟೋದು ಬೇಡ ಮಾರಾಯ್ತಿ.”

“ಮುಟ್ಟದೆ ಹೆಂಗ್ ನೋಡ್ಲಿ ಸಾಹೇಬ್ರ? ಮುಖ ನೋಡಿ ಹೇಳಾಕ ನಾನೇನು ಜಾತಕ ಬರೆಯಾಕಿನಾ?”

ಎರಡನ್ನೂ ಅಂಗಾತ ಮಲಗಿಸಿ ಬಿಚ್ಚಿದಳು. ಎಡಗಡೆಯದರಲ್ಲಿ ದನಿ ಹೊರಡಿಸುವ ಕಾಗದದ ಕೋನ್, ಅದರ ಅಂಚಿಗೆ ಬಟ್ಟೆ, ಒಂದು ಬೆಸುಗೆಯೂ ಅಲುಗಿಲ್ಲ. ಫಸ್ಟ್ ವರ್ಷನ್ ಅದೇ. ನಲವತ್ತು ವರ್ಷಕ್ಕೆ ಕೆಪಾಸಿಟರ್‌ಗಳು ಒಣಗಿ ದನಿ ಮಂಕಾಗಿತ್ತು, ಅಷ್ಟೆ. ಬಲಗಡೆಯದಕ್ಕೆ ರಬ್ಬರಿನ ಅಂಚು. ಕಂಪನಿ ಆಮೇಲೆ ತಂದ ಮೂರನೇ ವರ್ಷನ್. ಕೋನಿನ ಹಿಂದೆ ತಂತಿಯನ್ನು ಮೋಟರಿಗೆ ಕಟ್ಟುವ ಹತ್ತಿ ದಾರದಿಂದ ಬಿಗಿದಿತ್ತು. ಗಂಟು ಎಡಗೈಯವರದು.

ತುಂಗಮ್ಮ ತನ್ನ ಎಡಗೈ ನೋಡಿಕೊಂಡಳು. ಇಪ್ಪತ್ತು ವರ್ಷದ ಹಿಂದೆ ಶಿಕಾರಿಪುರದ ಹಳೇ ಸಾಮಾನಿನ ವ್ಯಾಪಾರಿ ಈಶ್ವರ್ ಸುಟ್ಟ ಸ್ಪೀಕರೊಂದನ್ನು ಚೀಲದಲ್ಲಿ ತಂದು, “ಅಕ್ಕಾ, ಮಾತಾಡೋ ಹಂಗ ಮಾಡು, ಸಾಕು” ಎಂದಿದ್ದ. ಪುಣ್ಯಾತ್ಮ ಅದನ್ನೇ ಪೆಟ್ಟಿಗೆಗೆ ಕೂರಿಸಿ ವಕೀಲರಿಗೆ ದಾಟಿಸಿದ್ದಾನೆ. ಸುಮ್ಮನೆ ಮುಚ್ಚಿಬಿಡಲೇ ಎನಿಸಿತು. ಆದರೆ ತನ್ನ ಕೈಕೆಲಸವನ್ನು ವಕೀಲರು ಇಪ್ಪತ್ತು ವರ್ಷ ಬಿಳಿಯರ ಲೆಕ್ಕಕ್ಕೆ ಹೊಗಳಿದ್ದನ್ನು ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ.

“ಸಾಹೇಬ್ರ, ಆ ದಡ್ಡಿ ನಾನೇ. ಆದ್ರ ಕೈ ಹಾಕಿದ್ದು ನಿಮ್ಮ ಅಪ್ಪಟಕ್ಕ.”

ವಕೀಲರು ಸಾಕ್ಷಿ ಕೇಳಿದರು. ತುಂಗಮ್ಮ ಚೀಲದಿಂದ ದಾರ ತೆಗೆದು, ಹಳೇ ಗಂಟಿನ ಪಕ್ಕದಲ್ಲೇ ಇನ್ನೊಂದು ಹಾಕಿ ತೋರಿಸಿದಳು. ಎರಡೂ ಒಂದೇ. ಕಮಲಾಕರ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅಡುಗೆಮನೆಯಲ್ಲಿ ಸುಬ್ಬಲಕ್ಷ್ಮಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು.

ಎರಡು ದಿನದ ಕೆಲಸ. ಎರಡಕ್ಕೂ ಹೊಸ ಕೆಪಾಸಿಟರ್ ಹಾಕಿ, ಬಲಗಡೆಯದರ ಅಬ್ಬರ ತುಸು ತಗ್ಗಿಸಿದಳು. ಅವಳಿಗಳಾಗಲಿಲ್ಲ, ಅಕ್ಕತಂಗಿಯರ ಹಾಗಾದವು. ಕಮಲಾಕರ ಒಂದು ಇಡೀ ರಾಗ ಕೇಳಿ, ಸಣ್ಣ ದನಿಯಲ್ಲಿ, “ಇನ್ನು ಬಂದವರಿಗೆ ಯಾವ ವರ್ಷನ್ ಅಂತ ಹೇಳೋದ್ರೀ?” ಎಂದರು.

“ಹೇಳೋದ್ಯಾಕ್ರಿ? ಕೇಳ್ಸಿ ಕಳ್ಸಿಬಿಡ್ರಿ.”

ತಿಂಗಳೊಳಗೆ ವಕೀಲರ ಸ್ನೇಹಿತರಿಂದ ಮೂರು ಜೋಡಿ ಅವಳ ಅಂಗಡಿಗೆ ಬಂದವು. ಮೂರೂ ಫಸ್ಟ್ ವರ್ಷನ್ನೇ ಎಂದು ಮಾಲೀಕರು ಆಣೆ ಹಾಕಿದ್ದರು. ಒಂದರಲ್ಲಿ ಇಲಿ ಮರಿ ಹಾಕಿತ್ತು.