ಗೂಬೆರಾಜ ಯಾರು?

ಅಮೆರಿಕದ ಟ್ರಾಯ್ ಊರಿನ ಕನ್ನಡ ಸಂಘದ ಹಾಲ್‌ನಲ್ಲಿ ಭಾನುವಾರ ಪಾಠ ಮುಗಿದ ಮೇಲೆ ಮಕ್ಕಳಿಗೆ ಅರ್ಧ ಗಂಟೆ ಕಥೆ. ಹೇಳುವವಳು ಕೌಸಲ್ಯಜ್ಜಿ. ಓದಿದ್ದು ಮೂರನೇ ಕ್ಲಾಸು, ಕಾರು ಓಡಿಸಲು ಬಾರದು. ವಾರವೆಲ್ಲ ಮಗ ಜಗನ್ನಾಥನ ಅಡುಗೆಮನೆಯಲ್ಲಿ ಕಳೆಯುವ ಅವಳಿಗೆ ಆ ಅರ್ಧ ಗಂಟೆಯೇ ಉಸಿರು.

ಗೂಬೆರಾಜನ ಕಥೆ ಅವಳೇ ಕಟ್ಟಿದ್ದು. ಪಟ್ಟಕ್ಕೇರಿದ ದಿನವೇ ಗೂಬೆ ಅಪ್ಪಣೆ ಮಾಡಿತು: ಇನ್ನು ಮೇಲೆ ಹಗಲನ್ನು ರಾತ್ರಿ ಅನ್ನಬೇಕು, ಕಣ್ಣು ತೆರೆದ ಹಕ್ಕಿಯ ಗರಿ ಕೀಳಬೇಕು. ಅಜ್ಜಿ ಗೂಬೆರಾಜನಾಗಿ ಎದ್ದು ನಿಂತರೆ ಸಾಕು, ಮಕ್ಕಳು ಕಣ್ಣು ಮುಚ್ಚುತ್ತಿದ್ದರು. ಅವಳು "ಬೆಳಗಾಯ್ತು" ಅಂದ ಮೇಲೇ ತೆರೆಯಬೇಕು. ಮೈನಾ ಹಕ್ಕಿಯ ಕೊನೆಯ ಗರಿ ಕಿತ್ತ ದಿನ ಪುಟ್ಟ ಇಶಾನ್ ಅತ್ತೇಬಿಟ್ಟ.

ಅವನ ಅಪ್ಪ ಚಿದಂಬರ, ಸಂಘದ ಅಧ್ಯಕ್ಷ. ಕಾರಿನಲ್ಲಿ ಮಗ ಹೇಳಿದ ಕಥೆ ಮುಗಿಯುವುದರೊಳಗೆ ಅವನಿಗೆ ಗೂಬೆ ಯಾರೆಂದು ಖಾತ್ರಿಯಾಗಿತ್ತು: ಇಂಡಿಯಾದಲ್ಲಿ ತಾನು ಮೆಚ್ಚಿದ ನಾಯಕ! ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಗೇ ಬರೆದ. "ಅಲ್ಲ ಸ್ವಾಮಿ, ಇದು ಇಲ್ಲಿನ ಸರಕಾರ. ನಮ್ಮ ಗ್ರೀನ್ ಕಾರ್ಡ್‌ಗೆ ಕಲ್ಲು ಬೀಳುತ್ತೆ" ಅಂದ ಕಿಶೋರ್ ಅನ್ನುವವನು. ಗರಿ ಅಂದರೆ ತೆರಿಗೆ, ಮೈನಾ ಅಂದರೆ ವಿರೋಧ ಪಕ್ಷ ಅಂತ ಎರಡು ದಿನ ಜಗಳ. ಕೊನೆಗೆ ಎರಡು ಕಡೆಯವರೂ ಒಪ್ಪಿದ್ದು ಒಂದೇ ಮಾತಿಗೆ. ಮುದುಕಿ ತಪ್ಪೊಪ್ಪಿಕೊಳ್ಳಬೇಕು, ಕಥೆ ನಿಲ್ಲಬೇಕು.

ಭಾನುವಾರ ಕಾರಿನಲ್ಲಿ ಜಗನ್ನಾಥ ಬಾಯಿ ಬಿಟ್ಟ. "ರಾಜಕೀಯ ಮಾತಾಡಿದ್ದು ತಪ್ಪಾಯ್ತು ಅನ್ನು, ಮುಗೀತು."

"ನಂಗ್ಯಾವ ರಾಜಕೀಯ ಗೊತ್ತೋ? ಗೂಬೆ ಯಾರು ಅಂತ ನಿಜ ಹೇಳ್ಬಿಡ್ತೀನಿ. ಕಥೆ ನಿಲ್ಲಿಸ್ಬೇಡಿ ಅಂತೀನಿ."

"ಯಾರಮ್ಮಾ?"

"ನಿಂಗೊತ್ತಿಲ್ವಾ?"

ಗೊತ್ತಿತ್ತು. ಆಗ ಅವನಿಗೆ ಒಂಬತ್ತು ವರ್ಷ. ಮಧ್ಯಾಹ್ನ, ಹೊರಗೆ ಒಂದೇ ಸಮನೆ ಹಿಮ. "ಎಲ್ಲಿದೆ ಸ್ನೋ? ಇಲ್ಲ ಅನ್ನು" ಅಂದಿದ್ದರು ಅವನ ಅಪ್ಪ. ಬೀಳ್ತಿದೆಯಲ್ಲ, ಅಂದಳು ಅಮ್ಮ. "ಹಾಗಾದ್ರೆ ಸರಿಯಾಗಿ ನೋಡ್ಕೊಂಡ್ ಬಾ" ಎಂದು ಬರಿಗಾಲಲ್ಲಿ ಹೊರಗೆ ತಳ್ಳಿ ಚಿಲಕ ಹಾಕಿದರು. ಸ್ನೋ ಇಲ್ಲ, ಸ್ನೋ ಇಲ್ಲ ಎಂದು ಅವಳು ಕೂಗುವ ಹೊತ್ತಿಗೆ ಎಡಗಾಲಿನ ಎರಡು ಬೆರಳು ಸತ್ತಿದ್ದವು. ಗಾಜಿನ ಹಿಂದೆ ನಿಂತಿದ್ದ ಹುಡುಗ ಎಲ್ಲ ನೋಡಿದ್ದ, ಚಿಲಕ ತೆಗೆದಿರಲಿಲ್ಲ.

"ಹಾಲ್ ಕಟ್ಟಿಸಿದ್ದೇ ಅಪ್ಪ, ಅವರ ಫೋಟೋ ಅಲ್ಲಿದೆ" ಅಂದ ಜಗನ್ನಾಥ, ರಸ್ತೆಯಿಂದ ಕಣ್ಣು ತೆಗೆಯದೆ. "ರಾಜಕೀಯ ಅಂತಲೇ ಇರ್ಲಿ, ಜನ ಮರೀತಾರೆ. ಅಪ್ಪನ ಹೆಸರೆತ್ತಿದ್ರೆ ನೀನು ಮನೆಗೆ ನಡ್ಕೊಂಡು ಬಾ. ಹನ್ನೊಂದು ಮೈಲಿ."

ಹಾಲ್‌ನಲ್ಲಿ ದೊಡ್ಡವರೆಲ್ಲ ಗೋಡೆಗೊರಗಿ ಕೈಕಟ್ಟಿ ನಿಂತಿದ್ದರು. ಮಕ್ಕಳು ಚಾಪೆಯ ಮೇಲೆ. ಹಾರ ಹಾಕಿದ ಫೋಟೋದ ಕೆಳಗೆ ಕೌಸಲ್ಯಜ್ಜಿ ಎದ್ದು ನಿಂತಳು.

"ರಾಜಕೀಯ ಮಾತಾಡ್ದೆ. ತಪ್ಪಾಯ್ತು."

"ಯಾರ ಬಗ್ಗೆ ಅಂತ ಬಾಯಿಬಿಟ್ಟು ಹೇಳಿ, ಆಂಟಿ" ಅಂದ ಚಿದಂಬರ.

ಅವಳು ಫೋಟೋ ನೋಡಿದಳು. ಬಾಗಿಲಲ್ಲಿ ಜಗನ್ನಾಥ ಕಾರಿನ ಕೀ ಆಡಿಸುತ್ತಿದ್ದ.

"ನೀವು ಯಾರು ಅಂದ್ರೋ ಅವರ ಬಗ್ಗೇನೇ."

ಚಿದಂಬರನಿಗೆ ಸಮಾಧಾನವಾಯಿತು. ಕಿಶೋರನಿಗೂ ಆಯಿತು. ಇಬ್ಬರೂ ಚಪ್ಪಾಳೆ ತಟ್ಟಿದರು.

ಅಜ್ಜಿ ಎದ್ದು ನಿಂತಾಗಲೇ ಮಕ್ಕಳು ವಾಡಿಕೆಯಂತೆ ಕಣ್ಣು ಮುಚ್ಚಿದ್ದರು. ಇಶಾನ್ ಮುಚ್ಚಿದ ಕಣ್ಣಲ್ಲೇ ಕತ್ತೆತ್ತಿದ.

"ಅಜ್ಜಿ, ಮಾರ್ನಿಂಗ್ ಆಯ್ತಾ?"

"ಇಲ್ಲ ಕಂದಾ" ಅಂದಳು ಕೌಸಲ್ಯಜ್ಜಿ. "ಮುಚ್ಕೊಂಡೇ ಇರು."