ಖಾಲಿ ಬಿಡಬೇಕಾದ ಪೆಟ್ಟು

ನನ್ನ ತಮ್ಮ ಭಾರ್ಗವ ಎಂಟು ವರ್ಷ ಮೃದಂಗ ಕಲಿತವನು. ಕಾಲೇಜಿನ ಮೂವರು ಗೆಳೆಯರ ಜೊತೆ ಜರಗನಹಳ್ಳಿಯ ಒಂದು ಶೆಡ್ಡಿನಲ್ಲಿ ಲ್ಯಾಟಿನ್ ಅಮೆರಿಕದ ಸಂಗೀತ ನುಡಿಸುವ ಬ್ಯಾಂಡ್ ಕಟ್ಟಿದ. ಅವರಲ್ಲಿ ಹಾಡುವ ಸಂಹಿತಾ ಸ್ಪ್ಯಾನಿಷ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತಳು. ಎರಡು ವರ್ಷದಲ್ಲಿ ನಾಲ್ವರಿದ್ದವರು ಒಂಬತ್ತು ಜನರಾದರು, ಟ್ರಂಪೆಟ್ಟೂ ಬಂತು. ಭಾರ್ಗವನ ತಪ್ಪೊಂದು ಮಾತ್ರ ಹೋಗಲಿಲ್ಲ. ಒಂದು ಹಾಡಿನ ನಡುವೆ ಎಲ್ಲರೂ ಗಕ್ಕನೆ ನಿಂತು, ತಾಳದ ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಮುಂದುವರಿಯಬೇಕು. ಮೃದಂಗದ ಅಭ್ಯಾಸಕ್ಕೆ ಇವನ ಕೈ ಸರಿಯಾಗಿ ಅಲ್ಲೇ ಡ್ರಮ್ಮಿನ ಮೇಲೆ ಬೀಳುತ್ತಿತ್ತು.

“ಮಗಾ, ಇವತ್ತೂ ಢಬ್ ಅನ್ಸಿದ್ರೆ ಮುಂದಿನ ಶೋಗೆ ಬೇರೆಯವ್ರನ್ನ ಕರೀತೀವಿ,” ಎಂದಳು ಸಂಹಿತಾ, ಜಯನಗರದ ವೇದಿಕೆ ಹತ್ತುವ ಮೊದಲು.

ಅವನು ನನ್ನತ್ತ ತಿರುಗಿದ. “ಅಕ್ಕ, ದಯವಿಟ್ಟು ತಾಳ ಹಾಕ್ಬೇಡ. ನಿನ್ನ ಕೈ ನೋಡಿದ್ರೆ ನಾನೂ ಹೊಡೆದ್ಬಿಡ್ತೀನಿ.”

ಅವನ ಕಛೇರಿಗಳಲ್ಲಿ ಎದುರು ಕೂತು ತಾಳ ಹಾಕುತ್ತಿದ್ದವಳು ನಾನೇ.

ನನ್ನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಮಗು ಶಬ್ದಕ್ಕೆ ಬೆಚ್ಚುತ್ತದೇನೋ, ತಮ್ಮ ತಪ್ಪುತ್ತಾನೇನೋ, ಎರಡೂ ಭಯ. ಆ ಹಾಡಿನ ನಡುವೆ ಬ್ಯಾಂಡ್ ಗಕ್ಕನೆ ನಿಂತಿತು. ನನ್ನ ಬಲಗೈ ತಾನಾಗಿ ಮೇಲೆದ್ದಿತು. ತೊಡೆಗೆ ಬೀಳುವ ಮೊದಲೇ ಅದನ್ನು ಮಗುವಿನ ಕಿವಿಗೆ ಒತ್ತಿ ಹಿಡಿದೆ. ಭಾರ್ಗವ ನನ್ನ ಕೈಯನ್ನೇ ನೋಡುತ್ತಿದ್ದ. ಅವನ ಕೈ ಗಾಳಿಯಲ್ಲೇ ನಿಂತಿತ್ತು.

ಆ ಪೆಟ್ಟು ಸದ್ದಿಲ್ಲದೆ ದಾಟಿತು. ಟ್ರಂಪೆಟ್ ಮೊಳಗಿತು. ಸಂಹಿತಾ ಹಾಡುತ್ತಲೇ ಹಿಂದೆ ತಿರುಗಿ ಅವನಿಗೆ ತಲೆಯಾಡಿಸಿದಳು.