ಐದನೇ ಮನೆಯ ಉತ್ತರ

ಕಾಲೇಜಿನ ಲೈಬ್ರರಿಯಲ್ಲಿ ಅವಳನ್ನು ಎಲ್ಲರೂ ಐದುಮನೆ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗಂತ ಅವಳಿಗೇನು ಐದು ಮನೆ ಇರಲಿಲ್ಲ. ಇದ್ದದ್ದು ಎರಡು ಕೋಣೆಯ ಒಂದು ಬಾಡಿಗೆ ಮನೆ, ಅದರ ತುಂಬ ಗಂಡ ರಿಪೇರಿ ಮಾಡುತ್ತೇನೆಂದು ತಂದಿಟ್ಟುಕೊಂಡ ಹಳೆಯ ರೇಡಿಯೋಗಳು. ಹೆಸರು ಬಂದದ್ದು ಕೆಲಸದಿಂದ. ಸಂಶೋಧನೆ ಮಾಡುವವರು ಬಂದು ಒಂದು ವಿಷಯ ಹೇಳಿದರೆ, ಅದರ ಬಗ್ಗೆ ಈವರೆಗೆ ಯಾರ್ಯಾರು ಏನೇನು ಬರೆದಿದ್ದಾರೆಂದು ಹುಡುಕಿಕೊಡುವುದು ಅವಳ ಕೆಲಸ. ಹುಡುಕಲು ಐದು ಡೇಟಾಬೇಸುಗಳಿದ್ದವು, ಒಂದೊಂದಕ್ಕೂ ಒಂದೊಂದು ಕಂಪ್ಯೂಟರು, ಗೋಡೆಗೆ ಸಾಲಾಗಿ. ಅದೇ ಪ್ರಶ್ನೆಯನ್ನು ಐದು ಕಡೆಯೂ ಟೈಪ್ ಮಾಡಬೇಕು. "ಕೂತಿರಿ, ಐದು ಮನೆ ಬಾಗಿಲು ತಟ್ಟಿ ಬರ್ತೀನಿ" ಎಂದು ಅವಳು ಎದ್ದು ಹೊರಡುತ್ತಿದ್ದಳು.

ಇಪ್ಪತ್ತಾರು ವರ್ಷ ಹೀಗೆ ಓಡಾಡಿದವಳಿಗೆ ಆ ಮನೆಗಳ ಸ್ವಭಾವ ಅಂಗೈ ಗೆರೆಯಷ್ಟು ಪರಿಚಿತ. ಮೊದಲನೆಯದಕ್ಕೆ ಬರೆದವರ ಮನೆತನದ ಹೆಸರನ್ನು ಮುಂದೆ ಹಾಕಿ ಕೇಳಬೇಕು, ಇಲ್ಲದಿದ್ದರೆ ಮುಖ ತಿರುಗಿಸುತ್ತದೆ. ಎರಡನೆಯದು ಬಾಯಿಬಡುಕ, ಕೆಮ್ಮಿನ ಬಗ್ಗೆ ಕೇಳಿದರೆ ಹನ್ನೊಂದು ಸಾವಿರ ಲೇಖನ ತಂದು ಸುರಿಯುತ್ತದೆ. ಮೂರನೆಯದು ಹತ್ತು ನಿಮಿಷಕ್ಕೊಮ್ಮೆ ಪಾಸ್‌ವರ್ಡ್ ಕೇಳುತ್ತದೆ, ನಿನ್ನೆ ಮೊನ್ನೆ ನೋಡಿಯೇ ಇಲ್ಲವೆಂಬಂತೆ. ನಾಲ್ಕನೆಯದು ಸಂಭಾವಿತ, ಅದರ ಬಗ್ಗೆ ಹೇಳಲು ಏನೂ ಇಲ್ಲ. ಐದನೆಯದನ್ನು ಅವಳು ಅಜ್ಜಿ ಎನ್ನುತ್ತಿದ್ದಳು. ಅದು ಅಚ್ಚಾಗದೆ ಉಳಿದ ಹಳೆಯ ಪ್ರಬಂಧಗಳ ಸಂಗ್ರಹ. ಎಲ್ಲಿಯದೋ ಒಂದು ಓಬೀರಾಯನ ಕಾಲದ ಯಂತ್ರದ ಮೇಲೆ ನಡೆಯುತ್ತಿತ್ತು. ಏನು ಕೇಳಿದರೂ ಉತ್ತರಕ್ಕೆ ಎರಡು ನಿಮಿಷ ಬೇಕೇ ಬೇಕು. ಅದಕ್ಕೇ ಅವಳು ಮೊದಲು ಅಜ್ಜಿಯನ್ನು ಕೇಳಿಟ್ಟು, ಉಳಿದ ನಾಲ್ಕು ಮನೆ ಸುತ್ತಿ ಬರುವಳು. ಅಷ್ಟರಲ್ಲಿ ಅಜ್ಜಿಯೂ ಬಾಯಿ ಬಿಟ್ಟಿರುತ್ತಿತ್ತು.

"ಲೋಕದಲ್ಲಿರೋದನ್ನೆಲ್ಲ ಹುಡುಕ್ತೀಯ, ನನ್ನ ಸ್ಕ್ರೂಡ್ರೈವರ್ ಮಾತ್ರ ಒಂದು ದಿನವೂ ನಿನ್ನ ಕಣ್ಣಿಗೆ ಬೀಳಲ್ಲ" ಎಂದು ಗಂಡ ಛೇಡಿಸುತ್ತಿದ್ದ. ಅದನ್ನು ಅಡಗಿಸಿಡುತ್ತಿದ್ದವಳು ಅವಳೇ ಎನ್ನುವುದು ಅವನಿಗೆ ಇನ್ನೂ ಗೊತ್ತಾಗಿಲ್ಲ.

ಒಂದು ಸೋಮವಾರ ಲೈಬ್ರರಿಗೆ ಹೊಸ ಸರ್ಚ್ ಬಂತು. ಒಂದೇ ಖಾನೆ, ಒಮ್ಮೆ ಟೈಪ್ ಮಾಡಿದರೆ ಐದೂ ಡೇಟಾಬೇಸುಗಳನ್ನು ಒಟ್ಟಿಗೆ ಹುಡುಕಿ, ಯಾವುದರಲ್ಲಿ ಎಷ್ಟು ಸಿಕ್ಕಿತೆಂದು ಎದುರಿಗೆ ಅಂಕಿ ಹಾಕಿ ತೋರಿಸುತ್ತದೆ. ಲೈಬ್ರರಿಯನ್ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಆರು ತಿಂಗಳು ಆಫೀಸಿನಿಂದ ಆಫೀಸಿಗೆ ಅಲೆದು ಅದನ್ನು ತರಿಸಿದ್ದ. ಅಕ್ಕ ಮುಖ ಊದಿಸಿಕೊಳ್ಳಬಹುದೆಂದು ಅವನಿಗೆ ಒಳಗೊಳಗೇ ಅಳುಕು. ಅವಳೋ ಮೊದಲ ದಿನವೇ ನಲವತ್ತು ಪ್ರಶ್ನೆ ಹಾಕಿ ನೋಡಿ, "ನನ್ನ ಮಂಡಿ ನಿಮ್ಮನ್ನ ಹೊಗಳ್ತಾ ಇದೆ ಸರ್" ಎಂದಳು. ಸುಮ್ಮನೆ ಹೇಳಿದ್ದಲ್ಲ, ನಿಜವಾಗಿಯೂ ಖುಷಿಯಾಗಿದ್ದಳು.

ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನರ್ಸ್ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಮಗಳು ಹೈಸ್ಕೂಲು ಸೇರಿದ ಮೇಲೆ ತಾನೂ ಪಿಎಚ್‌ಡಿಗೆ ಸೇರಿದವಳು. ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದಳು, ಕಂಕುಳಲ್ಲಿ ಪ್ರಬಂಧ.

"ಅಕ್ಕ, ಐದು ಗಂಟೆಗೆ ಮೇಲಿನ ಆಫೀಸಲ್ಲಿ ಇದನ್ನ ಕೊಡಬೇಕು. ನಾಲ್ಕನೇ ಅಧ್ಯಾಯ ತೆಗೀರಿ ಅಂತಿದ್ದಾರೆ."

ನಾಲ್ಕನೇ ಅಧ್ಯಾಯವೇ ಆಕೆಯ ಜೀವ. ವಾರ್ಡಿನಲ್ಲಿ ಔಷಧಿ ತಳ್ಳಿಕೊಂಡು ಹೋಗುವ ಟ್ರಾಲಿಯ ಚಕ್ರ ಕಿರುಗುಟ್ಟಿದರೆ, ಊಟದ ನಂತರ ಮಲಗಿದ ರೋಗಿಗಳ ನಿದ್ದೆ ಎಷ್ಟು ಕೆಡುತ್ತದೆ, ಚಕ್ರಕ್ಕೆ ಎಣ್ಣೆ ಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬುದನ್ನು ಆಕೆ ಗಡಿಯಾರ ಹಿಡಿದು ಅಳೆದಿದ್ದಳು. ಪರೀಕ್ಷಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ಈ ಹಿಂದೆ ಇಂಥದ್ದನ್ನು ಅಳೆದ ಒಂದಾದರೂ ಅಧ್ಯಯನ ತೋರಿಸಿ, ಇಲ್ಲವೇ ಅಧ್ಯಾಯವನ್ನು ಕೈಬಿಡಿ.

"ಎಣ್ಣೆ ಬಿಡೋದಕ್ಕೆ ಪಿಎಚ್‌ಡಿ ಬೇಕಾ ಅಂತ ನಗ್ತಾರೆ ಅಕ್ಕ. ನಂಗೊಬ್ಬಳಿಗೇ ಆ ಸದ್ದು ಕೇಳ್ಸುತ್ತಾ ಅಂತ ಅನುಮಾನ ಬಂದ್ಬಿಟ್ಟಿದೆ."

ಅಕ್ಕ ಹೊಸ ಸರ್ಚಿನಲ್ಲಿ ಟೈಪ್ ಮಾಡಿದಳು. ಅರ್ಧ ನಿಮಿಷಕ್ಕೆ ಉತ್ತರ ಬಂತು. ಮೊದಲ ನಾಲ್ಕು ಕಡೆ ಸಿಕ್ಕಿದ್ದೆಲ್ಲ ಕಾರ್ಖಾನೆ, ರೈಲು, ವಿಮಾನದ ಸದ್ದು. ಐದನೆಯದರ ಎದುರು ಸೊನ್ನೆ. ನರ್ಸ್ ಪ್ರಬಂಧದ ದಾರ ಬಿಚ್ಚಿ, ನಾಲ್ಕನೇ ಅಧ್ಯಾಯದ ಹಾಳೆಗಳನ್ನು ಬೇರೆ ಮಾಡತೊಡಗಿದಳು.

"ತಡೀರಿ ಸಿಸ್ಟರ್" ಎಂದಳು ಅಕ್ಕ. ಅವಳು ಆ ಸೊನ್ನೆಯನ್ನೇ ನೋಡುತ್ತಿದ್ದಳು. ಅಜ್ಜಿ ಎಂದೂ ಸೊನ್ನೆ ಹಾಕಿದ್ದಿಲ್ಲ. ಇಲ್ಲದಿದ್ದರೆ ಇಲ್ಲವೆಂದು ಒಂದು ಪೂರ್ತಿ ವಾಕ್ಯ ಬರೆದು ಕ್ಷಮೆ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅರ್ಧ ನಿಮಿಷಕ್ಕೆ ಬಾಯಿ ಬಿಡುವ ಜಾಯಮಾನವೇ ಅದರದ್ದಲ್ಲ. ಅವಳು ಹೊಸ ಸರ್ಚಿನಲ್ಲಿ 'ಆಸ್ಪತ್ರೆ' ಎಂಬ ಒಂದೇ ಪದ ಹಾಕಿದಳು. ಎರಡನೆಯದು ಲಕ್ಷಗಟ್ಟಲೆ ತಂದಿತು. ಅಜ್ಜಿಯ ಎದುರು ಮತ್ತೆ ಸೊನ್ನೆ.

"ಸರ್, ಸ್ವಲ್ಪ ಬನ್ನಿ. ಮೂರು ಸಾವಿರ ನರ್ಸಿಂಗ್ ಪ್ರಬಂಧ ಇಟ್ಕೊಂಡಿರೋ ಅಜ್ಜಿ, ಆಸ್ಪತ್ರೆ ಅನ್ನೋ ಪದವೇ ಕೇಳಿಲ್ಲ ಅಂತಿದೆ."

ಲೈಬ್ರರಿಯನ್ ಬಂದು ಬಗ್ಗಿ ನೋಡಿದ. ಎರಡು ಕಡೆ ಒತ್ತಿ, ಏನೋ ತೆರೆದು ಓದಿ, ಕಿವಿಯವರೆಗೂ ಕೆಂಪಾದ. "ಮೂವತ್ತು ಸೆಕೆಂಡ್ ಕಾಯುತ್ತೆ ಅಕ್ಕ. ಅಷ್ಟರಲ್ಲಿ ಯಾರು ಮಾತಾಡಲ್ವೋ ಅವರ ಹತ್ರ ಏನೂ ಇಲ್ಲ ಅಂತ ಬರ್ಕೊಂಡುಬಿಡುತ್ತೆ. ಸೋಮವಾರದಿಂದ ಅಜ್ಜಿಯ ಒಂದು ಉತ್ತರವೂ ಬಂದಿಲ್ಲ."

"ಅಂದ್ರೆ ನಲವತ್ತು ಸಲ ಕೇಳಿದ ನಾನೂ ಗಮನಿಸಿಲ್ಲ. ಮಂಡಿ ಸುಖದಲ್ಲಿ ಮೈಮರೆತಿದ್ದೆ" ಎಂದಳು ಅಕ್ಕ. ಅವನಿಗೆ ನಗು ಬಂತು, ಜೀವವೂ ಬಂತು. ಕಾಯುವ ಹೊತ್ತನ್ನು ಮೂರು ನಿಮಿಷಕ್ಕೆ ಏರಿಸಲು ಅವನು ತನ್ನ ಕೋಣೆಗೆ ಓಡಿದ. ಅವಳು ಅಷ್ಟು ಕಾಯದೆ ನೇರವಾಗಿ ಐದನೇ ಕಂಪ್ಯೂಟರಿನ ಮುಂದೆ ಕುಳಿತಳು.

ನಾಲ್ಕು ಇಪ್ಪತ್ತು. ಟ್ರಾಲಿ, ಸದ್ದು, ನಿದ್ದೆ ಎಂದು ಕೇಳಿದಳು. ಎರಡೂವರೆ ನಿಮಿಷದ ಮೇಲೆ ಅಜ್ಜಿ ವಿನಯದಿಂದ ಇಲ್ಲವೆಂದಿತು. ಚಕ್ರ, ಶಬ್ದ, ರೋಗಿ ಎಂದು ಕೇಳಿದಾಗಲೂ ಅದೇ ಕ್ಷಮೆ. ನರ್ಸ್ ಗೋಡೆ ಗಡಿಯಾರಕ್ಕೆ ಬೆನ್ನು ಹಾಕಿ ನಿಂತಿದ್ದಳು. ಸಿಕ್ಕಿದರೆ ಅದನ್ನು ಓದಿ ಬರೆಯಲೂ ಹೊತ್ತು ಬೇಕು. ಇನ್ನು ಹೆಚ್ಚೆಂದರೆ ಮೂರು ಸಲ ಕೇಳಬಹುದು.

"ಸಿಸ್ಟರ್, ನೀವು ಕೆಲಸಕ್ಕೆ ಸೇರ್ದಾಗ ವಾರ್ಡಲ್ಲಿದ್ದ ವಯಸ್ಸಾದ ಸಿಸ್ಟರ್‌ಗಳು ಟ್ರಾಲಿಗೆ ಏನಂತಿದ್ರು?"

ನರ್ಸ್ ಯೋಚಿಸಿದಳು. "ಮದ್ದಿನ ಗಾಡಿ ಅಂತಿದ್ರು."

ಮದ್ದಿನ ಗಾಡಿ, ವಿಶ್ರಾಂತಿ. ಇಬ್ಬರೂ ಕಾದರು. ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು. ಮೂವತ್ತೊಂದು ವರ್ಷ ಹಿಂದಿನ ಪ್ರಬಂಧ. ಬರೆದವಳು ಒಬ್ಬ ನರ್ಸ್. ಟೈಪ್ ಮಾಡಿದ ಹಾಳೆಗಳ ಚಿತ್ರ ಒಂದೊಂದಾಗಿ, ಅಜ್ಜಿಯದೇ ನಿಧಾನದಲ್ಲಿ ತೆರೆದುಕೊಂಡಿತು. ಎಣ್ಣೆ ಬಿಟ್ಟ ವಾರ, ಬಿಡದ ವಾರ, ರೋಗಿಗಳು ಎಚ್ಚರಗೊಂಡ ಸಂಖ್ಯೆ, ಎಲ್ಲವೂ ಅಲ್ಲಿತ್ತು. ಅಕ್ಕ ಕೊನೆಯ ಹಾಳೆಯನ್ನು ಗಟ್ಟಿಯಾಗಿ ಓದಿದಳು:

"ನನಗೆ ಒಂದು ವಾರ್ಡಿನಲ್ಲಿ ಒಂದು ತಿಂಗಳು ಮಾತ್ರ ಅಳೆಯಲು ಸಾಧ್ಯವಾಯಿತು. ಇದು ಕ್ಷುಲ್ಲಕ ವಿಷಯವೆಂದು ಹಲವರು ಹೇಳಿದರು. ಮುಂದೆ ಯಾರಾದರೂ ಇನ್ನೂ ಹೆಚ್ಚು ವಾರ್ಡುಗಳಲ್ಲಿ, ಹೆಚ್ಚು ಕಾಲ ಅಳೆದು ನೋಡಬೇಕೆಂದು ಕೋರುತ್ತೇನೆ."

ನರ್ಸಿಗೆ ನಗು, ಅಳು ಒಟ್ಟಿಗೇ ಬಂದವು. "ಆರು ವಾರ್ಡು ಅಕ್ಕ" ಎಂದಳು. "ಒಂದು ವರ್ಷ ಪೂರ್ತಿ ಅಳೆದಿದ್ದೀನಿ. ಇವರು ಕೇಳಿದ್ದಾರೆ ಅಂತ ಗೊತ್ತಿಲ್ದೇನೇ."

ಐದುಮನೆ ಅಕ್ಕ ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡಳು. ಇಷ್ಟು ವರ್ಷದಲ್ಲಿ ಸಾವಿರಾರು ಲೇಖನ ಹುಡುಕಿಕೊಟ್ಟಿದ್ದಳು. ಒಬ್ಬರ ಕೋರಿಕೆಯನ್ನು ಇನ್ನೊಬ್ಬರ ಕೈಗೆ ಮುಟ್ಟಿಸಿದ್ದು ಇದೇ ಮೊದಲು ಅನ್ನಿಸಿತು. ಅವಳು ಕುರ್ಚಿ ಬಿಟ್ಟುಕೊಟ್ಟು, "ಕೂತ್ಕೊಂಡು ಬರೀರಿ, ಹದಿನೆಂಟು ನಿಮಿಷ ಇದೆ" ಎಂದಳು.

ಹಾಳೆಗಳನ್ನು ಮತ್ತೆ ಜೋಡಿಸಿ ದಾರ ಕಟ್ಟಿ, ಐದಕ್ಕೆ ಮೂರು ನಿಮಿಷವಿರುವಾಗ ನರ್ಸ್ ಪ್ರಬಂಧವನ್ನು ಮೇಲಿನ ಆಫೀಸಿನಲ್ಲಿ ಕೊಟ್ಟಳು. ಅದರ ನಾಲ್ಕನೇ ಅಧ್ಯಾಯ ಈಗ ಹೀಗೆ ಶುರುವಾಗುತ್ತಿತ್ತು: "ಮೂವತ್ತೊಂದು ವರ್ಷಗಳ ಹಿಂದೆ ಒಬ್ಬ ನರ್ಸ್ ಇದನ್ನು ಒಂದು ವಾರ್ಡಿನಲ್ಲಿ ಅಳೆದು, ಮುಂದುವರಿಸುವಂತೆ ಕೋರಿದ್ದರು. ಅವರ ಕೋರಿಕೆಯಂತೆ ಮುಂದುವರಿಸಿದ್ದೇನೆ."